ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಂಟು ಗಂಟೆ, ವಾಪಸ್ ಬರೋಕೆ ಏಳೇ ಯಾಕೆ?

ಈ ಸಲದ ಅಂಚೆಯಲ್ಲಿ ವಿಮಾನದ ಪ್ರಶ್ನೆಗಳೇ ಜಾಸ್ತಿ. ಬಹುಪಾಲು ಮಕ್ಕಳು ಹೊರದೇಶದಲ್ಲಿ ಇರುವ ಮನೆಗಳಿಂದ ಬಂದವು. ಎಲ್ಲದರ ಬೇರು ಒಂದೇ ಕಡೆ ಇದೆ: ಕಿಲೋಮೀಟರ್ ಗೊತ್ತಾದರೆ ಗಂಟೆ ಗೊತ್ತಾಗುತ್ತದೆ ಅನ್ನುವ ನಂಬಿಕೆ. ರಸ್ತೆಯಲ್ಲಿ ಅದು ಸುಮಾರಾಗಿ ನಡೆಯುತ್ತದೆ. ಸಮುದ್ರ ದಾಟುವ ವಿಮಾನದಲ್ಲಿ ನಡೆಯುವುದಿಲ್ಲ. ಹಾಗಾಗಿ ಇವನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗಳು ಲಂಡನ್‌ನಲ್ಲಿದ್ದಾಳೆ. ಅಳಿಯನಿಗೆ ನ್ಯೂಯಾರ್ಕ್‌ಗೆ ವರ್ಗವಾಗಿದೆ. ಅವರ ಜೊತೆ ನಾವೂ ಹೋಗಿ ಬರೋಣ ಅಂತಿದ್ದೇವೆ. ಎರಡೂ ಊರಿನ ನಡುವೆ ಸುಮಾರು 5,550 ಕಿ.ಮೀ. ಎಂದು ಓದಿದೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದಂತೆ. ಭಾಗಿಸಿದರೆ ಆರು ಗಂಟೆ ಹತ್ತು ನಿಮಿಷ. ಆದರೆ ಟಿಕೆಟ್‌ನಲ್ಲಿ ಬೆಳಿಗ್ಗೆ 11ಕ್ಕೆ ಬಿಟ್ಟು ಮಧ್ಯಾಹ್ನ 2ಕ್ಕೆ ಸೇರುತ್ತದೆ ಅಂತಿದೆ. ವಾಪಸ್ ಬರುವಾಗ ರಾತ್ರಿ 9ಕ್ಕೆ ಬಿಟ್ಟು ಬೆಳಿಗ್ಗೆ 9ಕ್ಕೆ. ಹೋಗೋಕೆ ಮೂರು ಗಂಟೆ, ಬರೋಕೆ ಹನ್ನೆರಡು ಗಂಟೆಯೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಉತ್ತರ: ಮೊದಲು ಗಡಿಯಾರದ ಗಂಟು ಬಿಚ್ಚೋಣ ಸರ್. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ನ್ಯೂಯಾರ್ಕ್ ಲಂಡನ್‌ಗಿಂತ ಐದು ಗಂಟೆ ಹಿಂದೆ ಇದೆ. ಅಲ್ಲಿ ಮಧ್ಯಾಹ್ನ 2 ಆದಾಗ ಲಂಡನ್‌ನಲ್ಲಿ ಸಂಜೆ 7. ಅಂದರೆ ನೀವು 11ರಿಂದ 7ರವರೆಗೆ, ಎಂಟು ಗಂಟೆ ಪ್ರಯಾಣ ಮಾಡಿರುತ್ತೀರಿ. ಬರುವಾಗ ನ್ಯೂಯಾರ್ಕ್‌ನ ರಾತ್ರಿ 9 ಅಂದರೆ ಲಂಡನ್‌ನಲ್ಲಿ ರಾತ್ರಿ 2 ಗಂಟೆ. ಅಲ್ಲಿಂದ ಬೆಳಿಗ್ಗೆ 9ಕ್ಕೆ ಏಳು ಗಂಟೆ. ಹೋಗೋಕೆ ಎಂಟು, ಬರೋಕೆ ಏಳು. ಇದೇ ನಿಜವಾದ ಲೆಕ್ಕ.

ಒಂದು ಸಣ್ಣ ತೊಡಕು ಇದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಬ್ರಿಟನ್‌ನಲ್ಲಿ ಅದೇ ಕೆಲಸ ಮಾರ್ಚ್ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ವ್ಯತ್ಯಾಸ ನಾಲ್ಕೇ ಗಂಟೆ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದೆ ಮಾಡುವಾಗಲೂ ಒಂದು ವಾರ ಹೀಗೇ ಆಗುತ್ತದೆ. ಆ ದಿನಗಳಲ್ಲಿ ಹೋಗುವವರು ಸುಮ್ನೆ ಐದು ಗಂಟೆ ಅಂತ ಕಳೆದರೆ ಲೆಕ್ಕ ತಪ್ಪುತ್ತದೆ.

ಇನ್ನು ನಿಮ್ಮ ಆರು ಗಂಟೆ ಹತ್ತು ನಿಮಿಷಕ್ಕೆ ಬರೋಣ. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಟಿಕೆಟ್‌ನಲ್ಲಿ ಬರೆಯುವುದು ವಿಮಾನ ಗೇಟಿನಿಂದ ಕದಲಿದಾಗಿನಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವವರೆಗಿನ ಹೊತ್ತು. ನ್ಯೂಯಾರ್ಕ್‌ನ ಜೆ.ಎಫ್.ಕೆ. ನಿಲ್ದಾಣದಲ್ಲಿ ಸಂಜೆ ಹೊತ್ತು ರನ್‌ವೇ ಮುಟ್ಟೋಕೆ ವಿಮಾನಗಳು ಸಾಲು ನಿಲ್ಲುತ್ತವೆ. ಲಂಡನ್‌ನ ಹೀಥ್ರೂಗೆ ಬಂದ ವಿಮಾನಗಳನ್ನು ಊರಿನ ಸುತ್ತ ನಾಲ್ಕು ಕಡೆ ಆಕಾಶದಲ್ಲೇ ಸುತ್ತು ಹಾಕಿಸಿ ಕಾಯಿಸುವ ಏರ್ಪಾಡಿದೆ. ಕಂಪನಿಯವರು ಇದನ್ನೆಲ್ಲ ಸೇರಿಸಿ, ಮೇಲೆ ಒಂದಿಷ್ಟು ನಿಮಿಷ ಮುಂಜಾಗ್ರತೆಗೆ ಇಟ್ಟುಕೊಂಡೇ ವೇಳಾಪಟ್ಟಿ ಮಾಡುತ್ತಾರೆ. ಎಷ್ಟೋ ಸಲ ವಿಮಾನ ಇಪ್ಪತ್ತು ನಿಮಿಷ ಮೊದಲೇ ಬರುವುದು ಇದರಿಂದ.

ಹೋಗುವುದಕ್ಕೂ ಬರುವುದಕ್ಕೂ ಇರುವ ವ್ಯತ್ಯಾಸಕ್ಕೆ ಕಾರಣ ಗಾಳಿ. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಸರಿಯಾಗಿ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಇದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ತುಂಬಿ ಹರಿಯುವ ಹೊಳೆಯಲ್ಲಿ ನೀರಿನ ಜೊತೆ ಈಜುವವನಿಗೂ ಎದುರು ಈಜುವವನಿಗೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ಇಬ್ಬರೂ ಒಂದೇ ಬಲದಲ್ಲಿ ಕೈ ಬೀಸುತ್ತಾರೆ, ದಡಕ್ಕೆ ಸೇರುವ ಹೊತ್ತು ಬೇರೆ ಬೇರೆ. 2020ರ ಫೆಬ್ರವರಿಯಲ್ಲಿ ಕಿಯಾರಾ ಎಂಬ ಬಿರುಗಾಳಿ ಎದ್ದಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಒಂದು ಹಂತದಲ್ಲಿ ಅದರ ವೇಗ ನೆಲದ ಲೆಕ್ಕದಲ್ಲಿ ಗಂಟೆಗೆ 1,300 ಕಿ.ಮೀ. ಮೀರಿತ್ತು. ಅದು ಶಬ್ದದ ವೇಗಕ್ಕಿಂತ ಜಾಸ್ತಿ ಅಲ್ವಾ ಅಂತ ಕೇಳಬಹುದು. ನೆಲದಿಂದ ನೋಡಿದರೆ ಹೌದು. ಆದರೆ ಸುತ್ತಲಿನ ಗಾಳಿಯೂ ಅದೇ ದಿಕ್ಕಿಗೆ ಓಡುತ್ತಿತ್ತು, ಆ ಗಾಳಿಯೊಳಗೆ ವಿಮಾನ ತನ್ನ ಮಾಮೂಲಿ ವೇಗದಲ್ಲೇ ಇತ್ತು. ಶಬ್ದದ ಗೋಡೆ ಒಡೆಯಲಿಲ್ಲ.

ಈ ಗಾಳಿ ದಿನಾ ಒಂದೇ ಜಾಗದಲ್ಲಿ ಇರುವುದಿಲ್ಲ. ಅದಕ್ಕೇ ಅಟ್ಲಾಂಟಿಕ್ ಮೇಲಿನ ದಾರಿಗಳನ್ನು ದಿನಾ ಹೊಸದಾಗಿ ಎಳೆಯುತ್ತಾರೆ. ಕೆನಡಾದ ಗ್ಯಾಂಡರ್ ಮತ್ತು ಬ್ರಿಟನ್-ಐರ್ಲೆಂಡ್ ಕಡೆಯ ಶ್ಯಾನ್‌ವಿಕ್ ಎಂಬ ವಿಮಾನ ಸಂಚಾರ ನಿಯಂತ್ರಣ ಕೇಂದ್ರಗಳು ಸೇರಿ ದಿನಕ್ಕೆರಡು ಸಲ ಈ ದಾರಿಗಳನ್ನು ಗೊತ್ತುಮಾಡುತ್ತವೆ. ಹಗಲು ಪಶ್ಚಿಮಕ್ಕೆ ಹೋಗುವವರಿಗೆ ಗಾಳಿ ತಪ್ಪಿಸುವಂಥ ದಾರಿ, ರಾತ್ರಿ ಪೂರ್ವಕ್ಕೆ ಬರುವವರಿಗೆ ಗಾಳಿ ಹಿಡಿಯುವಂಥ ದಾರಿ. ಅಂದರೆ ಇವತ್ತು ನೀವು ಹಾರಿದ ಕಿಲೋಮೀಟರ್ ನಾಳೆ ಹಾರುವವರಿಗೆ ಇರುವುದಿಲ್ಲ. ಪೈಲಟ್ ಎಷ್ಟೋ ಸಲ ನೂರಾರು ಕಿ.ಮೀ. ಸುತ್ತು ಹಾಕಿಯೇ ಬೇಗ ತಲುಪುತ್ತಾರೆ.

ಪ್ರಶ್ನೆ: ಹೋಗುವಾಗ ಗಾಳಿಯಿಂದ ಕಳೆದುಕೊಂಡ ಹೊತ್ತು ಬರುವಾಗ ವಾಪಸ್ ಸಿಗುತ್ತದಲ್ವಾ? ಅಲ್ಲಿಗೆ ಸರಿಹೋಯಿತು ತಾನೆ?
(ಪಿ.ಯು. ವಿದ್ಯಾರ್ಥಿ, ಉಡುಪಿ)

ಉತ್ತರ: ಇಲ್ಲ, ಸರಿಹೋಗುವುದಿಲ್ಲ. ನೀನೇ ಲೆಕ್ಕ ಮಾಡಿ ನೋಡು. ದೂರ 5,550 ಕಿ.ಮೀ., ವಿಮಾನದ ವೇಗ 900, ಗಾಳಿ 150 ಎಂದಿಟ್ಟುಕೋ. ಗಾಳಿ ಹಿಂದಿನಿಂದ ತಳ್ಳಿದರೆ ವೇಗ 1,050, ಹೊತ್ತು 5 ಗಂಟೆ 17 ನಿಮಿಷ. ಎದುರು ಬಂದರೆ ವೇಗ 750, ಹೊತ್ತು 7 ಗಂಟೆ 24 ನಿಮಿಷ. ಕೂಡಿಸಿದರೆ 12 ಗಂಟೆ 41 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರೋಕೆ 12 ಗಂಟೆ 20 ನಿಮಿಷ ಸಾಕಿತ್ತು. ಅಂದರೆ 21 ನಿಮಿಷ ನಷ್ಟ. ಎದುರು ಗಾಳಿಯಲ್ಲಿ ವಿಮಾನ ಜಾಸ್ತಿ ಹೊತ್ತು ಸಿಕ್ಕಿಕೊಂಡಿರುತ್ತದೆ, ಅನುಕೂಲದ ಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ನಷ್ಟ ಬರುವುದು ಅಲ್ಲಿಂದ. ಗಾಳಿಯನ್ನು 250 ಮಾಡಿ ಇನ್ನೊಂದು ಸಲ ಮಾಡು, ನಷ್ಟ ಎಷ್ಟು ಬೆಳೆಯುತ್ತದೆ ಗೊತ್ತಾಗುತ್ತದೆ.

ಪ್ರಶ್ನೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರು ಬರಬೇಕು, ಬೇಗ ತಲುಪಬೇಕು. ಆಗುವುದು ಉಲ್ಟಾ. ಮಕ್ಕಳು ಕೇಳಿದಾಗ ಏನು ಹೇಳಲಿ?
(ಪ್ರೌಢಶಾಲಾ ಶಿಕ್ಷಕಿ, ಶಿರಸಿ)

ಉತ್ತರ: ಮೇಡಂ, ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ನಿಂತಲ್ಲೇ ಜಿಗಿಯೋಕೆ ಹೇಳಿ. ನಮ್ಮ ಕರ್ನಾಟಕ ಇರುವ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಆದರೂ ಹುಡುಗ ಜಿಗಿದ ಜಾಗಕ್ಕೇ ಬೀಳುತ್ತಾನೆ. ಕಾರಣ, ಅವನಿಗೂ ಅದೇ ವೇಗ ಇದೆ, ಅವನ ಸುತ್ತಲಿನ ಗಾಳಿಗೂ ಇದೆ. ವಿಮಾನ ಏರಿದ ಮೇಲೂ ಇದೇ ಕಥೆ. ಹಾಗಾಗಿ ಊರು ಎದುರು ಬರುವ ಪ್ರಶ್ನೆಯೇ ಇಲ್ಲ.

ಆದರೆ ಭೂಮಿ ತಿರುಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಬೇಡಿ. ಸುತ್ತು ಬಳಸಿ ಇದೆ. ಬಿಸಿ ಪ್ರದೇಶದ ಗಾಳಿ ಮೇಲೇರಿ ಧ್ರುವದ ಕಡೆಗೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರ ಹೋಗದೆ ಪೂರ್ವಕ್ಕೆ ವಾಲುತ್ತದೆ. ಜೆಟ್ ಸ್ಟ್ರೀಮ್ ಹುಟ್ಟುವುದು ಹೀಗೆ. ಚಳಿಗಾಲದಲ್ಲಿ ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ಅಂತರ ಹೆಚ್ಚುತ್ತದೆ, ಗಾಳಿಯೂ ಜೋರಾಗುತ್ತದೆ. ಮಕ್ಕಳು ಕೇಳಿದ ಪ್ರಶ್ನೆ ತುಂಬ ಒಳ್ಳೆಯದು. ಅವರಿಗೆ ನನ್ನ ಶಹಬ್ಬಾಸ್ ತಿಳಿಸಿ.

ಪ್ರಶ್ನೆ: ಬೆಂಗಳೂರಿಂದ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೋ ಪೆಸಿಫಿಕ್ ಸಾಗರದ ಆಚೆ ದಡದಲ್ಲಿದೆ. ಹಾಗಿದ್ದ ಮೇಲೆ ವಿಮಾನ ಚೆನ್ನೈ, ಜಪಾನ್ ಮೇಲೆ ಹಾಯ್ದು ಸಮುದ್ರ ದಾಟಿ ನೇರ ಹೋಗಬೇಕಲ್ವಾ? ಉತ್ತರ ಧ್ರುವದ ಕಡೆಗೆ ಯಾಕೆ ಹೋಗುತ್ತದೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿನ್ನ ಕಾಲೇಜಿನಲ್ಲೋ ಹಳೇ ಶಾಲೆಯಲ್ಲೋ ಗ್ಲೋಬ್ ಇದ್ದೇ ಇರುತ್ತದೆ. ಒಂದು ದಾರ ತೆಗೆದುಕೋ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆ. ಮೊದಲು ಜಪಾನ್ ಮೇಲೆ ಹಾಯುವ ಹಾಗೆ ಹಿಡಿ. ಆಮೇಲೆ ನಿಧಾನಕ್ಕೆ ಮೇಲಕ್ಕೆ ಜಾರಿಸು. ಜಾರಿಸಿದಷ್ಟೂ ದಾರ ಸಡಿಲ ಆಗುತ್ತಾ ಬರುತ್ತದೆ. ಸಡಿಲ ಆದದ್ದನ್ನು ಎಳೆದುಕೊಳ್ಳುತ್ತಾ ಹೋದರೆ ಕೊನೆಗೆ ಅದು ತಾನಾಗಿಯೇ ಒಂದು ಕಡೆ ನಿಲ್ಲುತ್ತದೆ: ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ. ಪೆಸಿಫಿಕ್‌ನ ಈಶಾನ್ಯ ಮೂಲೆ ಮಾತ್ರ ಸಿಗುತ್ತದೆ. ಉದ್ದ ಸುಮಾರು 14,000 ಕಿ.ಮೀ. ಉಂಡೆಯ ಮೇಲೆ ಎರಡು ಊರಿನ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಗೋಡೆಯ ಮೇಲಿನ ನಕ್ಷೆಯಲ್ಲಿ ಇದೇ ದಾರಿ ದೊಡ್ಡ ಬಿಲ್ಲಿನಂತೆ ಬಗ್ಗಿ ಕಾಣುವುದು ಉಂಡೆಯನ್ನು ಹಾಳೆ ಮಾಡಿದ್ದರಿಂದ.

ಹಾಗಂತ ವಿಮಾನ ದಾರದ ಮೇಲೇ ಹೋಗುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಡಿಮೆಯಾದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್‌ಗೆ ಇಳಿಯಬೇಕು, ಪ್ರಯಾಣಿಕರ ಮಾಸ್ಕ್‌ನಲ್ಲಿ ಆಮ್ಲಜನಕ ಬರುವುದು ಸ್ವಲ್ಪವೇ ಹೊತ್ತು. ಅಲ್ಲಿ ಇಳಿಯೋಕೆ ಹೋದರೆ ನೆಲವೇ ಅದಕ್ಕಿಂತ ಮೇಲಿದೆ. ಆದ್ದರಿಂದ ಬಹುಪಾಲು ವಿಮಾನಗಳು ಆ ಕಡೆ ತಲೆ ಹಾಕುವುದಿಲ್ಲ. ಇನ್ನು ದೇಶಗಳ ನಡುವಿನ ಜಗಳ. 2022ರಿಂದ ಅಮೆರಿಕ, ಯುರೋಪ್‌ನ ಬಹಳಷ್ಟು ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರ ದಾರಿ ಒಮ್ಮೆಲೇ ಉದ್ದವಾಯಿತು. ಎರಡು ಊರಿನ ನಡುವಿನ ದೂರ ಒಂದು ಇಂಚೂ ಬದಲಾಗಲಿಲ್ಲ, ಟಿಕೆಟ್‌ನ ಗಂಟೆ ಬದಲಾಯಿತು. ಲಾಂಗ್ ಫ್ಲೈಟ್ ಬುಕ್ ಮಾಡುವವರು ಹೋದ ವರ್ಷ ಹೋಗಿಬಂದವರ ಮಾತು ಕೇಳಿ ಲೆಕ್ಕ ಹಾಕಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಧ್ರುವದ ದಾರಿಗೆ ಅದರದೇ ಕಷ್ಟಗಳಿವೆ. ವಿಮಾನಗಳಿಗೆ ಸಾಮಾನ್ಯವಾಗಿ ಹಾಕುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯ ಹತ್ತಿರ ಗಟ್ಟಿಯಾಗೋಕೆ ಶುರುವಾಗುತ್ತದೆ. ಅಲ್ಲಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಪೈಲಟ್‌ಗಳು ಟ್ಯಾಂಕಿನ ಉಷ್ಣತೆ ನೋಡುತ್ತಲೇ ಇರುತ್ತಾರೆ. ತೀರಾ ಇಳಿದರೆ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಹೋಗುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಹದಿನೇಳು ಗಂಟೆಗೂ ಜಾಸ್ತಿ ಹಾರಾಟ. ಕೆಂಪೇಗೌಡ ನಿಲ್ದಾಣದಲ್ಲಿ ಅವರು ಕೈಬೀಸುತ್ತಾ ಹೊರಗೆ ಬಂದ ಚಿತ್ರ ನೋಡಿದಾಗ ನನಗೆ ಬಹಳ ಖುಷಿಯಾಗಿತ್ತು.

ಪ್ರಶ್ನೆ: ಮಗ ಅಮೆರಿಕಕ್ಕೆ ಹೊರಟಾಗೆಲ್ಲ ಮೊಬೈಲ್‌ನಲ್ಲಿ ಅವನ ವಿಮಾನ ನೋಡುತ್ತಾ ಕೂರುತ್ತೇನೆ. ಸಮುದ್ರದ ಮಧ್ಯೆ ಹೋದಮೇಲೆ ಅದು ಅಲುಗಾಡುವುದೇ ಇಲ್ಲ, ಕೆಲವು ಸಲ ಕಾಣೆಯೇ ಆಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ನೀರಿನ ಮೇಲೆ ಎಂಜಿನ್ ಕೆಟ್ಟರೆ ಗತಿ ಏನು?
(ಗೃಹಿಣಿ, ಮಂಡ್ಯ)

ಉತ್ತರ: ಅಮ್ಮಾ, ಮೊದಲು ಮೊಬೈಲ್ ವಿಷಯ ಹೇಳುತ್ತೇನೆ. ವಿಮಾನ ತಾನಿರುವ ಜಾಗವನ್ನು ರೇಡಿಯೋದಲ್ಲಿ ಸಾರುತ್ತಾ ಹೋಗುತ್ತದೆ. ನಿಮ್ಮ ಆ್ಯಪ್‌ಗೆ ಅದು ಸಿಗುವುದು ನೆಲದ ಮೇಲಿರುವ ರಿಸೀವರ್‌ಗಳಿಂದ. ಒಂದು ರಿಸೀವರ್‌ಗೆ ಹೆಚ್ಚೆಂದರೆ ಸುಮಾರು 400 ಕಿ.ಮೀ. ದೂರದ ತನಕ ಕೇಳುತ್ತದೆ. ನಡು ಸಮುದ್ರದಲ್ಲಿ ರಿಸೀವರ್ ಯಾರು ಇಡುತ್ತಾರೆ? ಅಲ್ಲಿ ಆ್ಯಪ್ ಅಂದಾಜಿನ ಮೇಲೆ ಚಿತ್ರ ಓಡಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ಕಾಣೆಯಾಗಿರುವುದು ನಿಮ್ಮ ಪರದೆಯಲ್ಲಿ ಮಾತ್ರ. ನಿಯಂತ್ರಣ ಕೇಂದ್ರದವರಿಗೆ ಉಪಗ್ರಹದ ಮೂಲಕವೂ ರೇಡಿಯೋ ಮೂಲಕವೂ ಸುದ್ದಿ ಹೋಗುತ್ತಿರುತ್ತದೆ.

ಎಂಜಿನ್ ವಿಷಯ. ಎರಡು ಎಂಜಿನ್ ಇರುವ ವಿಮಾನಕ್ಕೆ ಸಮುದ್ರ ದಾಟೋಕೆ ಅನುಮತಿ ಸಿಗುವುದೇ ಒಂದೇ ಎಂಜಿನ್‌ನಲ್ಲಿ ಗಂಟೆಗಟ್ಟಲೆ ಹಾರಿ ಇಳಿಯಬಲ್ಲೆ ಎಂದು ತೋರಿಸಿದ ಮೇಲೆ. ಮೊದಲು ನಿಯಮ ಬಹಳ ಬಿಗಿಯಾಗಿತ್ತು. ಇಳಿಯಬಹುದಾದ ನಿಲ್ದಾಣದಿಂದ ಒಂದು ಗಂಟೆಯ ದೂರ ಮೀರುವಂತಿರಲಿಲ್ಲ. 1985ರಲ್ಲಿ ಅದು ಎರಡು ಗಂಟೆಯಾಯಿತು. ಎಂಜಿನ್‌ಗಳು ಸುಧಾರಿಸಿದಂತೆ ಇನ್ನೂ ಹೆಚ್ಚಾಯಿತು. ಅಟ್ಲಾಂಟಿಕ್ ದಾಟುವ ಪ್ರತಿ ವಿಮಾನವೂ ಹೊರಡುವ ಮೊದಲೇ ಎಲ್ಲಿ ಇಳಿಯಬಹುದು ಎಂದು ಗುರುತು ಮಾಡಿಕೊಂಡಿರುತ್ತದೆ: ಕೆನಡಾದ ಗ್ಯಾಂಡರ್, ಐಸ್‌ಲ್ಯಾಂಡ್‌ನ ಕೆಫ್ಲಾವಿಕ್, ಐರ್ಲೆಂಡ್‌ನ ಶ್ಯಾನನ್, ಅಜೋರ್ಸ್ ದ್ವೀಪಗಳ ಲಾಜಸ್.

2001ರ ಆಗಸ್ಟ್ 24ರಂದು ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್ ಟ್ರಾನ್ಸಾಟ್ ವಿಮಾನದಲ್ಲಿ ಇಂಧನ ಸೋರಿ, ಅಟ್ಲಾಂಟಿಕ್ ಮೇಲೆ ಎರಡೂ ಎಂಜಿನ್ ನಿಂತುಹೋದವು. ಪೈಲಟ್‌ಗಳು ಎಂಜಿನ್ ಇಲ್ಲದೆ ಸುಮಾರು 19 ನಿಮಿಷ, 120 ಕಿ.ಮೀ. ತೇಲಿಸಿಕೊಂಡು ಬಂದು ಲಾಜಸ್‌ನಲ್ಲಿ ಇಳಿಸಿದರು. ಒಳಗಿದ್ದ 306 ಜನರೂ ಬದುಕಿದರು. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂದು ಎಷ್ಟೋ ತಾಯಂದಿರು ನಂಬಿಕೊಂಡು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಅದು ಹಾಗಲ್ಲ. ವಿಮಾನ ಹೊರಟಿತು ಅಂತ ಗೊತ್ತಾದ ಮೇಲೆ ಊಟ ಮಾಡಿ ಮಲಗಿ, ಎದ್ದ ಮೇಲೆ ಇಳಿದ ಸುದ್ದಿ ನೋಡಿ.

ಪ್ರಶ್ನೆ: ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ಇದ್ದ ಕಾಲದಲ್ಲಿ ಲಂಡನ್-ನ್ಯೂಯಾರ್ಕ್ ದೂರಕ್ಕೆ ಎಷ್ಟು ಹೊತ್ತು ಬೇಕಿತ್ತು? ಈಗ ಯಾಕೆ ಅಷ್ಟು ವೇಗ ಇಲ್ಲ?
(ಓದುಗರು, ಮೈಸೂರು)

ಉತ್ತರ: ಸುಮಾರು ಮೂರೂವರೆ ಗಂಟೆ. 1996ರ ಫೆಬ್ರವರಿ 7ರಂದು ಒಂದು ಕಾಂಕಾರ್ಡ್ ನ್ಯೂಯಾರ್ಕ್‌ನಿಂದ ಲಂಡನ್‌ಗೆ 2 ಗಂಟೆ 52 ನಿಮಿಷ 59 ಸೆಕೆಂಡ್‌ನಲ್ಲಿ ಬಂತು. ಪಶ್ಚಿಮಕ್ಕೆ ಹೋಗುವಾಗಂತೂ ಲಂಡನ್‌ನಲ್ಲಿ ಬೆಳಿಗ್ಗೆ ಹತ್ತೂವರೆಗೆ ಹತ್ತಿದವರು ನ್ಯೂಯಾರ್ಕ್‌ನಲ್ಲಿ ಅದೇ ಬೆಳಿಗ್ಗೆ ಒಂಬತ್ತೂವರೆ ಒಳಗೆ ಇಳಿಯುತ್ತಿದ್ದರು. ಆದರೆ ಅದು ಇಂಧನ ವಿಪರೀತ ಕುಡಿಯುತ್ತಿತ್ತು, ಕೂರುತ್ತಿದ್ದವರು ನೂರರಷ್ಟು ಜನ, ಅದರ ಗುಡುಗಿನ ಸದ್ದಿಗೆ ನೆಲದ ಮೇಲೆ ಆ ವೇಗದಲ್ಲಿ ಹಾರಲು ಬಿಡುತ್ತಿರಲಿಲ್ಲ. 2000ದಲ್ಲಿ ಪ್ಯಾರಿಸ್ ಹತ್ತಿರ ಒಂದು ಕಾಂಕಾರ್ಡ್ ಬಿದ್ದ ದುರಂತದ ನಂತರ ಚೇತರಿಸಿಕೊಳ್ಳಲಿಲ್ಲ, 2003ರಲ್ಲಿ ನಿಂತಿತು. ಉಳಿದ ವಿಮಾನಗಳ ವೇಗ 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲು ಶುರುಮಾಡಿದಾಗಿನಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ಶಬ್ದದ ವೇಗ ಹತ್ತಿರ ಬಂದಂತೆ ಗಾಳಿಯ ಎಳೆತ ಒಮ್ಮೆಲೇ ಏರುತ್ತದೆ, ಇಂಧನದ ಬಿಲ್ಲೂ ಏರುತ್ತದೆ.

ಪ್ರಶ್ನೆ: ಅಪ್ಪ ಅಮ್ಮ ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದಾರೆ. ತಾರೀಕಿನದೇ ಗೊಂದಲ. ಅವರಿಗೆ ಹೇಗೆ ತಿಳಿಸಿ ಹೇಳಲಿ?
(ಕ್ಯಾಲಿಫೋರ್ನಿಯಾದಿಂದ ಒಬ್ಬ ಓದುಗರು)

ಉತ್ತರ: ಚಳಿಗಾಲದಲ್ಲಿ ನಿಮ್ಮೂರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಬೆಂಗಳೂರಿಂದ ಮಧ್ಯಾಹ್ನ 2ಕ್ಕೆ ಹೊರಡುವ ನೇರ ವಿಮಾನ ಹದಿನಾರು ಗಂಟೆ ಹಾರಿದರೆ, ಚಳಿಗಾಲದಲ್ಲಿ ಅಲ್ಲಿ ಇಳಿಯುವುದು ಅದೇ ತಾರೀಕಿನ ಸಂಜೆ ನಾಲ್ಕೂವರೆಗೆ. ವಾಪಸ್ ಬರುವಾಗ ಉಲ್ಟಾ. ಮೇಲೆ ಹೇಳಿದ 2021ರ ವಿಮಾನ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟು ಇಲ್ಲಿಗೆ ಬಂದದ್ದು 11ರ ಸೋಮವಾರ ಬೆಳಗಿನ ಜಾವ. ಟಿಕೆಟ್‌ನಲ್ಲಿ ಇಳಿಯುವ ಹೊತ್ತಿನ ಪಕ್ಕ ಪುಟ್ಟದಾಗಿ +1, +2 ಅಂತ ಇರುತ್ತದೆ. ಅಷ್ಟು ದಿನ ಆಮೇಲೆ ಎಂದು ಅರ್ಥ. ವಯಸ್ಸಾದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಒಂದು ಹಾಳೆಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದು ಕಳಿಸಿ: ಯಾವ ತಾರೀಕು, ಯಾವ ವಾರ, ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಒಟ್ಟು ಎಷ್ಟು ಗಂಟೆ ಪ್ರಯಾಣ, ನಡುವೆ ವಿಮಾನ ಬದಲಿಸುವುದಿದ್ದರೆ ಎಲ್ಲಿ, ಎಷ್ಟು ಹೊತ್ತು ಕಾಯಬೇಕು. ನಡುರಾತ್ರಿ 12ರ ನಂತರ ಹೊರಡುವ ವಿಮಾನವಾದರೆ ‘ಹಿಂದಿನ ದಿನ ಸಂಜೆಯೇ ಏರ್‌ಪೋರ್ಟ್‌ಗೆ ಹೊರಡಿ’ ಅಂತ ಬೇರೆಯಾಗಿ ಬರೆಯಿರಿ, ಜನ ಒಂದು ದಿನ ತಡವಾಗಿ ಹೋಗುವುದು ಅಲ್ಲೇ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮಾತ್ರೆ, ಇನ್ಸುಲಿನ್ ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ಅವರ ಡಾಕ್ಟರನ್ನೇ ಕೇಳಿ, ಅದನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್‌ನಲ್ಲಿ ಬೇಡ.